ಚೆಂಡು ಯಾಕೆ ಬಲಕ್ಕೇ ಓಡುತ್ತೆ? ಗಾಲ್ಫ್ ಡ್ರೈವರ್ ಆಯ್ಕೆಯ ಲೆಕ್ಕಾಚಾರ

ಡ್ರೈವರ್ ಅಂದ ತಕ್ಷಣ ನಮ್ಮ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ನವರಿಗೆ ಪ್ರಿಂಟರ್ ನೆನಪಾಗುತ್ತೆ, ಮೆಕ್ಯಾನಿಕಲ್‌ನವರಿಗೆ ಸ್ಕ್ರೂ ನೆನಪಾಗುತ್ತೆ, ಹಾಸ್ಟೆಲಿನವರಿಗೆ ಬೆಳಗಿನ ಬಸ್ಸು ನೆನಪಾಗುತ್ತೆ. ಈ ಸಲ ನಾವು ಬರೀತಿರೋದು ನಾಲ್ಕನೇ ಥರದ ಡ್ರೈವರ್ ಬಗ್ಗೆ. ಗಾಲ್ಫ್ ಆಟಗಾರನ ಚೀಲದಲ್ಲಿ ಎಲ್ಲಕ್ಕಿಂತ ಉದ್ದ ಇರೋ, ದಪ್ಪ ತಲೆಯ, ಚೆಂಡನ್ನ ಎಲ್ಲಕ್ಕಿಂತ ದೂರ ಕಳಿಸೋ ಕ್ಲಬ್ಬಿಗೆ ಡ್ರೈವರ್ ಅಂತಾರೆ.

ಇಂಜಿನಿಯರಿಂಗ್ ಹುಡುಗರಿಗೂ ಗಾಲ್ಫಿಗೂ ಏನ್ರೀ ಸಂಬಂಧ, ಅದು ದುಡ್ಡಿರೋರ ಆಟ ಅಲ್ವಾ ಅಂತ ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ವಿ. ಆದ್ರೆ ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತು, ಅಲ್ಲೇ ಆಟ ಕಲಿತು, 2009ರಲ್ಲಿ ಇಂಡಿಯನ್ ಓಪನ್ ಗೆದ್ದವರು. ನಮ್ಮ ಊರಿನ ಗಾಲ್ಫ್ ಮೈದಾನಗಳಲ್ಲಿ ಅವರ ಹಾಗೆ ಚೀಲ ಹೊರುತ್ತಾ ಆಟ ಕಲಿತವರು ಇನ್ನೂ ಬಹಳ ಮಂದಿ ಇದ್ದಾರೆ. ನಮಗೆ ಈ ವಿಷಯ ಹಿಡಿಸಿದ್ದು ಅಂಥವರೊಬ್ಬರಿಂದಲೇ.

ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸರ್ ಅವರ ಭಾಮೈದ ಹದಿನೈದು ವರ್ಷದಿಂದ ಕ್ಯಾಡಿ. ವಾರಕ್ಕೊಂದು ದಿನ ಸದಸ್ಯರಿಗೆ ಮೈದಾನ ರಜೆ, ಅವತ್ತು ಕ್ಯಾಡಿಗಳಿಗೆ ಆಡೋಕೆ ಅವಕಾಶ. ಅವರ ಹತ್ತಿರ ಇರೋ ಡ್ರೈವರ್ ಒಬ್ಬ ಸದಸ್ಯರು ತಾವು ಹೊಸದು ತಗೊಂಡಾಗ ಕೊಟ್ಟಿದ್ದು. ಹತ್ತು ವರ್ಷ ಹಳೇ ಮಾಡೆಲ್. ಅದರಲ್ಲಿ ಹೊಡೆದ ಚೆಂಡು ನೆಟ್ಟಗೆ ಹೊರಟು, ಆಮೇಲೆ ಬಲಕ್ಕೆ ತಿರುಗಿ ಮರಗಳ ಸಾಲಿನೊಳಗೆ ಮಾಯ. ಗಾಲ್ಫಿನವರು ಇದಕ್ಕೆ ಸ್ಲೈಸ್ ಅಂತಾರೆ. ಕ್ಯಾಡಿಗಳ ಪಂದ್ಯ ಎರಡು ತಿಂಗಳಲ್ಲಿತ್ತು. ಅಣ್ಣನಿಗೆ ಚೀಟಿ ಎತ್ತಿ 45,000 ರೂಪಾಯಿ ಬಂದಿತ್ತು. ಆ ದುಡ್ಡು ಇಟ್ಟಿದ್ದು ಮಗಳು ಸೆಕೆಂಡ್ ಪಿಯು ಮುಗಿಸಿದ ಮೇಲೆ ಸೀಟಿಗೆ ಅಂತ. ಅದರಲ್ಲೇ ಹೊಸ ಡ್ರೈವರ್ ತಗೊಂಡು, ಗೆದ್ದರೆ ವಾಪಸ್ ತುಂಬಿಸೋಣ ಅಂತ ಅವರ ಮನಸ್ಸು.

"ಏನ್ರಪ್ಪಾ, ಇಷ್ಟೆಲ್ಲ ಓದ್ತೀರಲ್ಲ. ಇಷ್ಟು ದುಡ್ಡು ಕೊಟ್ರೆ ಚೆಂಡು ನೆಟ್ಟಗೆ ಹೋಗುತ್ತಾ? ಅಷ್ಟು ಹೇಳಿ ಸಾಕು" ಅಂದ್ರು.

ನಾವು ನಾಲ್ವರು. ಮೂವರು ಮೆಕ್ಯಾನಿಕಲ್, ಒಬ್ಬಳು ಎಲೆಕ್ಟ್ರಾನಿಕ್ಸ್. ಯಾರಿಗೂ ಗಾಲ್ಫ್ ಆಡೋಕೆ ಬರಲ್ಲ. ಆದ್ರೆ ಪ್ರಶ್ನೆ ಮೆಕ್ಯಾನಿಕ್ಸಿನದು ಅಂತ ಗೊತ್ತಾಯ್ತು. ಓದಿದ್ವಿ, ಕೇಳಿದ್ವಿ, ಅಳೆದ್ವಿ. ಹೊಸದಾಗಿ ಡ್ರೈವರ್ ಕೊಳ್ಳಬೇಕು ಅಂತಿರೋ ಯಾರಿಗಾದ್ರೂ ಉಪಯೋಗ ಆಗಲಿ ಅಂತ ಅದನ್ನೆಲ್ಲ ಇಲ್ಲಿ ಬರೀತಿದ್ದೀವಿ.

ಹೊಸದು ಅಂದ್ರೆ ಹೆಚ್ಚು ದೂರವೇ?

ಮೊದಲು ಈ ಭ್ರಮೆ ಬಿಡಿಸಿಕೊಳ್ಳೋಣ. 1980ರ ದಶಕದವರೆಗೂ ಡ್ರೈವರ್ ತಲೆ ಅಂದ್ರೆ ಹೆಚ್ಚಾಗಿ ಪರ್ಸಿಮನ್ ಅನ್ನೋ ಗಟ್ಟಿ ಮರದ್ದು. 1979ರಲ್ಲಿ ಟೇಲರ್‌ಮೇಡ್ ಉಕ್ಕಿನ ಟೊಳ್ಳು ತಲೆ ತಂದಿತು. 1991ರಲ್ಲಿ ಕ್ಯಾಲವೇ ಬಿಗ್ ಬರ್ತಾ ಬಂತು. 90ರ ದಶಕದ ನಡುವೆ ಟೈಟಾನಿಯಂ ಬಂದ ಮೇಲೆ ತಲೆ ದೊಡ್ಡದಾಗ್ತಾ ಹೋಯ್ತು, ಮುಂದಿನ ತಗಡು, ಅಂದ್ರೆ ಫೇಸ್, ತೆಳುವಾಗ್ತಾ ಹೋಯ್ತು. ತೆಳು ಫೇಸ್ ಸ್ವಲ್ಪ ಒಳಕ್ಕೆ ಬಾಗಿ ಮತ್ತೆ ಪುಟಿಯುತ್ತೆ, ಚೆಂಡು ಜೋರಾಗಿ ಚಿಮ್ಮುತ್ತೆ.

ಇದು ಹೀಗೇ ಹೋದ್ರೆ ಮೈದಾನಗಳೇ ಸಾಲಲ್ಲ ಅಂತ ನಿಯಮ ಮಾಡೋ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳು ಮಿತಿ ಹಾಕಿದ್ವು. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು. ಕ್ಲಬ್ಬಿನ ಉದ್ದ 48 ಇಂಚು ದಾಟಬಾರದು. ದೊಡ್ಡ ವೃತ್ತಿಪರ ಪಂದ್ಯಗಳಲ್ಲಿ ಅದನ್ನ 46 ಇಂಚಿಗೆ ಇಳಿಸೋ ಅವಕಾಶ 2022ರಿಂದ ಇದೆ. ಫೇಸ್ ಎಷ್ಟು ಪುಟಿಸಬಹುದು ಅನ್ನೋದಕ್ಕೂ ಮಿತಿ ಇದೆ, ಅದು ಬಂದು ಎರಡು ದಶಕದ ಮೇಲಾಯ್ತು.

ಹಾಗಾಗಿ ಚೆಂಡು ಫೇಸಿನ ನಟ್ಟನಡುವೆ ತಾಗಿದ್ರೆ ಹತ್ತು ವರ್ಷದ ಹಳೇ ಒಳ್ಳೇ ಡ್ರೈವರ್‌ಗೂ ಈ ವರ್ಷದ್ದಕ್ಕೂ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇರೋಕೆ ನಿಯಮವೇ ಬಿಡಲ್ಲ. ಹೊಸ ಮಾಡೆಲ್‌ಗಳು ಮುಂದೆ ಹೋಗಿರೋದು ಚೆಂಡು ನಡುವೆ ತಾಗದೇ ಇದ್ದಾಗ. ತೂಕವನ್ನ ತಲೆಯ ಅಂಚಿಗೆ, ಹಿಂಭಾಗಕ್ಕೆ ಸರಿಸಿ ಮೊಮೆಂಟ್ ಆಫ್ ಇನರ್ಷಿಯಾ ಹೆಚ್ಚಿಸಿರ್ತಾರೆ. ಆಗ ಪಕ್ಕಕ್ಕೆ ತಾಗಿದ್ರೂ ತಲೆ ಕಡಿಮೆ ತಿರುಚುತ್ತೆ. ಇದು ನಿಜವಾದ ಲಾಭವೇ. ಆದ್ರೆ ಪಕ್ಕಕ್ಕೆ ಯಾಕೆ ತಾಗ್ತಿದೆ ಅಂತ ಮೊದಲು ನೋಡಬೇಕಲ್ವಾ?

ಹತ್ತು ರೂಪಾಯಿಯ ಪರೀಕ್ಷೆ

ನಾವು ಮೊದಲು ಮೊಬೈಲ್‌ನಲ್ಲಿ ಸ್ಲೋಮೋಷನ್ ವಿಡಿಯೋ ತೆಗೆದ್ವಿ. ಏನೂ ಕಾಣಲಿಲ್ಲ. ಆಮೇಲೆ ಲೆಕ್ಕ ಹಾಕಿ ನಮಗೇ ನಗು ಬಂತು. ಅಣ್ಣನ ಡ್ರೈವರ್ ತಲೆ ಗಂಟೆಗೆ ಸುಮಾರು 92 ಮೈಲಿ, ಅಂದ್ರೆ ಸೆಕೆಂಡಿಗೆ 41 ಮೀಟರ್ ವೇಗದಲ್ಲಿ ಬರುತ್ತೆ. ಸೆಕೆಂಡಿಗೆ 240 ಫ್ರೇಮ್ ಹಿಡಿದ್ರೂ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ತಲೆ 17 ಸೆಂಟಿಮೀಟರ್ ಜಿಗಿದಿರುತ್ತೆ. ಚೆಂಡು ಫೇಸಿಗೆ ಅಂಟಿಕೊಂಡಿರೋದು ಅರ್ಧ ಮಿಲಿಸೆಕೆಂಡ್ ಮಾತ್ರ. ನಮ್ಮ ಮೊಬೈಲಿಗೆ ಅದು ಸಿಗೋ ಮಾತೇ ಇಲ್ಲ.

ಕೊನೆಗೆ ಕೆಲಸಕ್ಕೆ ಬಂದಿದ್ದು ಕ್ಲಾಸಿನ ವೈಟ್‌ಬೋರ್ಡ್ ಮಾರ್ಕರ್. ಚೆಂಡಿನ ಮೇಲೆ ದಪ್ಪ ಚುಕ್ಕಿ ಇಟ್ಟು, ಚುಕ್ಕಿ ಫೇಸಿಗೆ ಎದುರಾಗಿ ಇರೋ ಹಾಗೆ ಕೂರಿಸಿ ಹೊಡೆದ್ರೆ ತಾಗಿದ ಜಾಗದಲ್ಲಿ ಗುರುತು ಮೂಡುತ್ತೆ. ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ, ನೋಟ್‌ಬುಕ್ಕಿನಲ್ಲಿ ಬರೆದ ಫೇಸಿನ ಚಿತ್ರದ ಮೇಲೆ ಗುರುತು ಹಾಕ್ಕೊಂಡ್ವಿ. 20 ಚೆಂಡು ಮುಗಿದಾಗ ಚಿತ್ರ ಸ್ಪಷ್ಟವಾಯ್ತು. ನಡುವೆ ತಾಗಿದ್ದು ಬರೀ ಮೂರು. ಹೆಚ್ಚಿನವು ಕೆಳಗೆ, ಅದೂ ಹೀಲ್ ಕಡೆ, ಅಂದ್ರೆ ಕೋಲು ತಲೆಗೆ ಸೇರೋ ಕಡೆ.

ಅಣ್ಣ ಚಿತ್ರ ನೋಡಿ, "ಹದಿನೈದು ವರ್ಷದಿಂದ ಇನ್ನೊಬ್ಬರ ಚೆಂಡು ಎಲ್ಲಿ ಬಿತ್ತು ಅಂತ ಹುಡುಕಿದ್ದೀನಿ. ನನ್ನ ಚೆಂಡು ಎಲ್ಲಿ ತಾಗ್ತಿದೆ ಅಂತ ಇವತ್ತೇ ನೋಡಿದ್ದು" ಅಂದ್ರು.

ನಡುವೆ ತಾಗಿದ್ರೆ ಏನು ಲಾಭ?

ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪು ಮಾಡ್ಕೊಳ್ಳಿ. ನಿಂತ ವಸ್ತುವಿಗೆ ಚಲಿಸೋ ವಸ್ತು ಡಿಕ್ಕಿ ಹೊಡೆದ್ರೆ, ನಿಂತಿದ್ದು ಪಡೆಯೋ ವೇಗ ಹೀಗೆ:

ಚೆಂಡಿನ ವೇಗ = ತಲೆಯ ವೇಗ × (1 + ಪುಟಿತದ ಗುಣಾಂಕ) ÷ (1 + ಚೆಂಡಿನ ತೂಕ ÷ ತಲೆಯ ತೂಕ)

ಗಾಲ್ಫ್ ಚೆಂಡು ನಿಯಮದ ಪ್ರಕಾರ 45.93 ಗ್ರಾಂ ಮೀರಬಾರದು. ಡ್ರೈವರ್ ತಲೆ ಸುಮಾರು 200 ಗ್ರಾಂ ಇರುತ್ತೆ. ಪುಟಿತದ ಗುಣಾಂಕ, ಅಂದ್ರೆ ನಾವು ಓದಿದ ಕೋಎಫಿಶಿಯೆಂಟ್ ಆಫ್ ರೆಸ್ಟಿಟ್ಯೂಷನ್, ನಿಯಮದ ಮಿತಿಯಲ್ಲಿ 0.83. ಲೆಕ್ಕ ಹಾಕಿದ್ರೆ 1.83 ಭಾಗಿಸು 1.23, ಬಂತು 1.49. ತಲೆ 100 ಮೈಲಿ ವೇಗದಲ್ಲಿ ಬಂದ್ರೆ ಚೆಂಡು ಹೆಚ್ಚೆಂದರೆ 149 ಮೈಲಿ ವೇಗದಲ್ಲಿ ಹೊರಡುತ್ತೆ. ಈ ಅನುಪಾತಕ್ಕೆ ಗಾಲ್ಫಿನವರು ಸ್ಮ್ಯಾಶ್ ಫ್ಯಾಕ್ಟರ್ ಅಂತಾರೆ. ಅವರು 1.5 ಅನ್ನೋ ಸಂಖ್ಯೆಯನ್ನ ಆಕಾಶದ ಮಿತಿ ಥರ ಹೇಳೋದು ಇದಕ್ಕೇ.

ಒಂದು ಡ್ರೈವಿಂಗ್ ರೇಂಜಿನಲ್ಲಿ ಲಾಂಚ್ ಮಾನಿಟರ್ ಅರ್ಧ ಗಂಟೆ ಬಾಡಿಗೆಗೆ ತಗೊಂಡ್ವಿ. ರೇಡಾರ್ ಅಥವಾ ಕ್ಯಾಮೆರಾ ಇಟ್ಟು ತಲೆಯ ವೇಗ, ಚೆಂಡಿನ ವೇಗ, ಚಿಮ್ಮೋ ಕೋನ, ಸ್ಪಿನ್ ಎಲ್ಲ ಅಳೆಯೋ ಯಂತ್ರ ಅದು. ಅಣ್ಣನ ಸರಾಸರಿ: ತಲೆಯ ವೇಗ 92 ಮೈಲಿ, ಚೆಂಡಿನ ವೇಗ 126 ಮೈಲಿ. ಸ್ಮ್ಯಾಶ್ 1.37. ನಡುವೆ ತಾಗಿದ್ರೆ ಇದೇ ತೋಳಿನ ಶಕ್ತಿಗೆ 135 ಮೈಲಿ ಸಿಗಬೇಕಿತ್ತು. ಚೆಂಡಿನ ವೇಗ ಒಂದು ಮೈಲಿ ಹೆಚ್ಚಿದ್ರೆ ಸುಮಾರು ಎರಡು ಗಜ ದೂರ ಸಿಗುತ್ತೆ ಅನ್ನೋದು ರೂಢಿಯ ಲೆಕ್ಕ. ಅಲ್ಲಿಗೆ ಹದಿನೆಂಟು ಗಜದಷ್ಟು ಹೀಲ್ ಕಡೆಯ ಆ ಗುರುತುಗಳಲ್ಲೇ ಸೋರಿ ಹೋಗ್ತಿತ್ತು.

ದೂರ ಹೋಗ್ಲಿ, ದಿಕ್ಕಿನ ಕತೆ ಇನ್ನೂ ಮುಖ್ಯ. ಚೆಂಡು ಹೊರಡೋ ದಿಕ್ಕನ್ನ ಹೆಚ್ಚಾಗಿ ನಿರ್ಧರಿಸೋದು ಆ ಕ್ಷಣ ಫೇಸ್ ಯಾವ ಕಡೆ ನೋಡ್ತಿತ್ತು ಅನ್ನೋದು. ಆಮೇಲೆ ಗಾಳಿಯಲ್ಲಿ ಬಾಗೋದು ಫೇಸಿನ ದಿಕ್ಕಿಗೂ ತಲೆ ಚಲಿಸ್ತಿದ್ದ ದಾರಿಗೂ ಇರೋ ವ್ಯತ್ಯಾಸದಿಂದ. ಬಲಗೈ ಆಟಗಾರನ ಫೇಸ್ ಆ ದಾರಿಗಿಂತ ಬಲಕ್ಕೆ ತೆರೆದಿದ್ರೆ ಸ್ಲೈಸ್. ಇದರ ಜೊತೆ ಗೇರ್ ಎಫೆಕ್ಟ್ ಸೇರುತ್ತೆ. ಹೀಲಿಗೆ ತಾಗಿದ್ರೆ ತಲೆ ಒಂದು ಕಡೆ ತಿರುಚುತ್ತೆ, ಅದಕ್ಕೆ ಕಚ್ಚಿಕೊಂಡ ಚೆಂಡು ಹಲ್ಲುಚಕ್ರದ ಜೋಡಿ ಥರ ವಿರುದ್ಧ ದಿಕ್ಕಿಗೆ ತಿರುಗುತ್ತೆ. ಹೀಲ್ ಹೊಡೆತದಲ್ಲಿ ಆ ತಿರುಗು ಚೆಂಡನ್ನ ಇನ್ನೂ ಬಲಕ್ಕೆ ಎಳೆಯುತ್ತೆ. ಹಾಗೇ ಫೇಸಿನ ಕೆಳಭಾಗಕ್ಕೆ ತಾಗಿದ್ರೆ ಚೆಂಡು ತಗ್ಗಾಗಿ ಹೊರಟು ಹಿಮ್ಮುಖ ಸ್ಪಿನ್ ಹೆಚ್ಚುತ್ತೆ. ಅಣ್ಣನಿಗೆ ಎರಡೂ ಒಟ್ಟಿಗೆ ಆಗ್ತಿತ್ತು.

ಲಾಫ್ಟ್ ಮತ್ತು ಗಂಡಸ್ತನದ ಸಮಸ್ಯೆ

ಫೇಸ್ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋ ಕೋನವೇ ಲಾಫ್ಟ್. ಡ್ರೈವರ್‌ಗಳಲ್ಲಿ ಸಾಮಾನ್ಯವಾಗಿ 8ರಿಂದ 12 ಡಿಗ್ರಿ. ಅಣ್ಣನದು 9. ಕಡಿಮೆ ಲಾಫ್ಟ್ ಅಂದ್ರೆ ಜೋರಾಗಿ ಹೊಡೆಯೋ ಗಂಡಸರದ್ದು ಅನ್ನೋ ಒಂದು ಮಾತು ಗಾಲ್ಫ್ ಅಂಗಡಿಗಳಲ್ಲಿ ಸುತ್ತಾಡ್ತಾ ಇರುತ್ತೆ. ಅನೇಕ ಹವ್ಯಾಸಿ ಆಟಗಾರರ ದುಡ್ಡು ಹಾಳಾಗೋದು ಈ ಮಾತಿಂದ.

ನಿರ್ವಾತದಲ್ಲಿ ಎಸೆದ ಕಲ್ಲು ಹೆಚ್ಚು ದೂರ ಹೋಗೋದು 45 ಡಿಗ್ರಿಯಲ್ಲಿ ಅಂತ ಪಿಯುನಲ್ಲಿ ಓದಿದ್ದೀವಿ. ಗಾಲ್ಫ್ ಚೆಂಡಿಗೆ ಗಾಳಿ ಇದೆ, ಗುಳಿಗಳಿವೆ, ಹಿಮ್ಮುಖ ಸ್ಪಿನ್ ಇದೆ. ಆ ಸ್ಪಿನ್ ಚೆಂಡನ್ನ ಮೇಲಕ್ಕೆ ಎತ್ತಿ ಹಿಡಿಯುತ್ತೆ, ಮ್ಯಾಗ್ನಸ್ ಪರಿಣಾಮ ಅಂತ ಅದನ್ನೇ ಕರೆಯೋದು. ಹಾಗಾಗಿ ಹತ್ತು ಹದಿನೈದು ಡಿಗ್ರಿ ಸಾಕು. ಆದ್ರೆ ವೇಗ ಕಡಿಮೆ ಇದ್ದಷ್ಟೂ ಎತ್ತೋ ಬಲ ಕಡಿಮೆ, ಆಗ ಚಿಮ್ಮೋ ಕೋನ ಜಾಸ್ತಿ ಬೇಕು. ನಿಧಾನ ಸ್ವಿಂಗಿನವರಿಗೆ ಲಾಫ್ಟ್ ಹೆಚ್ಚಿರಬೇಕು ಅನ್ನೋದು ಇದಕ್ಕೆ.

ಟ್ರ್ಯಾಕ್‌ಮ್ಯಾನ್ ಕಂಪನಿ ಈ ಹಿಂದೆ ಪ್ರಕಟಿಸಿದ್ದ ಸರಾಸರಿಗಳು ಗಾಲ್ಫ್ ಲೋಕದಲ್ಲಿ ಎಲ್ಲರಿಗೂ ಪರಿಚಿತ. ಅಮೆರಿಕದ ಪಿಜಿಎ ಟೂರಿನ ಗಂಡಸರ ತಲೆಯ ವೇಗ 113 ಮೈಲಿ, ಚೆಂಡು ಚಿಮ್ಮೋ ಕೋನ 10.9 ಡಿಗ್ರಿ, ನೆಲ ಮುಟ್ಟೋವರೆಗಿನ ದೂರ 275 ಗಜ. ಎಲ್‌ಪಿಜಿಎ ಟೂರಿನ ಹೆಂಗಸರದ್ದು 94 ಮೈಲಿ, 13.2 ಡಿಗ್ರಿ, 218 ಗಜ. ಈಗ ಹೇಳಿ, 92 ಮೈಲಿ ವೇಗದ ಅಣ್ಣ ಯಾರ ಅಂಕಿ ನೋಡಿ ಕಲೀಬೇಕು? ಸಾಧಾರಣ ಹವ್ಯಾಸಿ ಗಂಡಸಿನ ವೇಗವೂ 93ರ ಆಸುಪಾಸಿನಲ್ಲೇ ಇರೋದು. ವೇಗ ಎಲ್‌ಪಿಜಿಎ ಆಟಗಾರ್ತಿಯದ್ದು, ಕೊಳ್ಳೋ ಡ್ರೈವರ್ ಮಾತ್ರ ಟಿವಿಯಲ್ಲಿ ಕಂಡ ಚಾಂಪಿಯನ್‌ದು!

ಆ ಆಟಗಾರ್ತಿಯರಲ್ಲಿ ಇನ್ನೊಂದು ಗುಟ್ಟಿದೆ. ಅವರ ತಲೆ ಚೆಂಡಿಗೆ ತಾಗುವಾಗ ಸರಾಸರಿ 3 ಡಿಗ್ರಿ ಮೇಲಕ್ಕೆ ಏರ್ತಿರುತ್ತೆ. ಅಣ್ಣನದ್ದು 3 ಡಿಗ್ರಿ ಕೆಳಕ್ಕೆ ಇಳೀತಿತ್ತು. ಬೇರೆಯವರ ಹಳೇ ಐರನ್‌ಗಳಲ್ಲಿ ಆಟ ಕಲಿತವರು ಅವರು. ಐರನ್‌ನಲ್ಲಿ ಚೆಂಡನ್ನ ಕೆಳಮುಖವಾಗಿಯೇ ಹೊಡೀಬೇಕು, ಆ ಅಭ್ಯಾಸ ಡ್ರೈವರ್‌ಗೂ ಬಂದಿತ್ತು. ಚಿಮ್ಮೋ ಕೋನದಲ್ಲಿ ಸುಮಾರು 85 ಪಾಲು ತಾಗೋ ಕ್ಷಣದ ಲಾಫ್ಟಿನದು, 15 ಪಾಲು ತಲೆ ಏರೋ ಇಳಿಯೋ ಕೋನದ್ದು. ಅಣ್ಣನ ತಾಗೋ ಕ್ಷಣದ ಲಾಫ್ಟ್ 11 ಡಿಗ್ರಿ. 0.85 × 11 ಅಂದ್ರೆ 9.35, ಅದರಲ್ಲಿ 0.15 × 3 ಕಳೆದ್ರೆ 8.9. ಪರದೆ ಮೇಲೂ 9 ಡಿಗ್ರಿಯ ಆಸುಪಾಸೇ ಇತ್ತು. ನಮ್ಮ ಲೆಕ್ಕ ಯಂತ್ರದ ಜೊತೆ ಹೊಂದಿದ್ದು ನೋಡಿ ನಾವು ಎಷ್ಟು ಕುಣಿದ್ವಿ ಅಂದ್ರೆ ಪಕ್ಕದ ಬೇಯಲ್ಲಿದ್ದವರು ತಿರುಗಿ ನೋಡಿದ್ರು.

ಉದ್ದ, ಬಾಗು, ತೂಕ

ಅಣ್ಣನ ಡ್ರೈವರ್ 46 ಇಂಚು. ಕೊಟ್ಟ ಸದಸ್ಯರು ಎತ್ತರದ ಆಳು, ಬೇಕಂತಲೇ ಉದ್ದ ಮಾಡಿಸಿದ್ದರಂತೆ. ಅಣ್ಣ ಐದಡಿ ಐದಿಂಚು. ಉದ್ದ ಕೋಲಿಗೆ ತ್ರಿಜ್ಯ ಹೆಚ್ಚು, ಹಾಗಾಗಿ ತಲೆಯ ವೇಗ ಹೆಚ್ಚು ಅನ್ನೋ ಲೆಕ್ಕ ಕಾಗದದ ಮೇಲೆ ಸರಿ. ಆದ್ರೆ ಉದ್ದ ಹೆಚ್ಚಿದಷ್ಟೂ ನಡುವೆ ತಾಗಿಸೋದು ಕಷ್ಟ. ಅಂಗಡಿಯಲ್ಲಿ ಸಿಗೋ ಡ್ರೈವರ್‌ಗಳು 45.5 ಇಂಚಿನ ಆಸುಪಾಸು ಇರ್ತವೆ. ದಿನಾ ಆಡೋ ವೃತ್ತಿಪರರಲ್ಲೇ ಅನೇಕರು ಅದಕ್ಕಿಂತ ಗಿಡ್ಡದ್ದನ್ನ ಇಟ್ಕೊಂಡಿರ್ತಾರೆ.

ಕೋಲಿನ ಬಾಗು, ಅಂದ್ರೆ ಫ್ಲೆಕ್ಸ್, ಎಲ್, ಎ, ಆರ್, ಎಸ್, ಎಕ್ಸ್ ಅನ್ನೋ ಅಕ್ಷರಗಳಲ್ಲಿ ಬರುತ್ತೆ. ಎಲ್ ಅತಿ ಮೆದು, ಎಕ್ಸ್ ಅತಿ ಗಟ್ಟಿ. ನಮಗೆ ಆಶ್ಚರ್ಯ ಆಗಿದ್ದು ಏನಂದ್ರೆ ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ಗೆ ಸಮ ಇರಬಹುದು. ರೆಡಿಮೇಡ್ ಅಂಗಡಿಯ 'ಎಂ' ಸೈಜ್ ಅಂಗಿ ಥರ, ಹಾಕಿ ನೋಡದೆ ಗೊತ್ತಾಗಲ್ಲ. ಕೋಲಿನ ತೂಕ ಮಾತ್ರ ಗ್ರಾಂನಲ್ಲಿ ಬರೆದಿರುತ್ತೆ, ಅದು ನಂಬೋ ಸಂಖ್ಯೆ. ಗ್ರಾಫೈಟ್ ಡ್ರೈವರ್ ಕೋಲುಗಳು ಹೆಚ್ಚಾಗಿ 45ರಿಂದ 75 ಗ್ರಾಂ ಒಳಗೆ ಇರ್ತವೆ.

ಅಣ್ಣನ ಕೋಲು ಎಸ್. ಇದೇ ಸಮಸ್ಯೆ ಇರಬೇಕು, ಮೆದು ಕೋಲು ಹಾಕಿದ್ರೆ ಸರಿ ಹೋಗುತ್ತೆ ಅಂತ ನಾವು ಪಂಥ ಕಟ್ಟಿದ್ವಿ. ರೇಂಜಿನಲ್ಲಿದ್ದ ಆರ್ ಕೋಲು ಹಾಕಿ ಹತ್ತು ಚೆಂಡು ಹೊಡೆಸಿದ್ವಿ. ಅಂಕಿಗಳಲ್ಲಿ ಬಂದ ವ್ಯತ್ಯಾಸ, ಅದೇ ಕೋಲಿನ ಎರಡು ಹೊಡೆತಗಳ ನಡುವೆ ಇರೋ ವ್ಯತ್ಯಾಸಕ್ಕಿಂತ ಕಡಿಮೆ. ನಾವು ಸೋತ್ವಿ. ಬೇರೆಯವರಿಗೆ ಕೋಲು ದೊಡ್ಡ ವಿಷಯ ಆಗಿರಬಹುದು, ಅವರವರು ಅಳೆದೇ ನೋಡಬೇಕು. ಅಣ್ಣನಿಗೆ ಇದಕ್ಕೆ ದುಡ್ಡು ಹಾಕೋ ಅಗತ್ಯ ಇರಲಿಲ್ಲ.

ನಾವು ಮಾಡಿದ್ದೇನು

ಒಂದು ಸಲಕ್ಕೆ ಒಂದೇ ಬದಲಾವಣೆ. ಲ್ಯಾಬಿನಲ್ಲಿ ಹೇಳಿಕೊಟ್ಟ ಈ ಪಾಠ ಇಲ್ಲಿ ನಿಜವಾಗಲೂ ಉಪಯೋಗಕ್ಕೆ ಬಂತು.

ಮೊದಲು ಟೀ ಎತ್ತರ. ಚೆಂಡು ಕೂರಿಸೋ ಮೊಳೆಯನ್ನ ಅಣ್ಣ ತೀರಾ ತಗ್ಗಾಗಿ ನೆಡ್ತಿದ್ರು. ಅರ್ಧ ಚೆಂಡು ಡ್ರೈವರ್ ತಲೆಗಿಂತ ಮೇಲೆ ಕಾಣೋ ಹಾಗೆ ಎತ್ತರಿಸಿ, ಚೆಂಡನ್ನ ಎಡ ಹಿಮ್ಮಡಿಯ ನೇರಕ್ಕೆ ಇಟ್ವಿ. ಫೇಸಿನ ಗುರುತುಗಳು ಮೇಲಕ್ಕೆ ಬಂದ್ವು. ಖರ್ಚು ಸೊನ್ನೆ.

ಎರಡನೇದು ಲಾಫ್ಟ್. ತಲೆ ಮತ್ತು ಕೋಲು ಸೇರೋ ಕಡೆ ತಿರುಗಿಸಿ ಹೊಂದಿಸೋ ಸ್ಲೀವ್ ಇತ್ತು. ಟಾರ್ಕ್ ರೆಂಚಲ್ಲಿ ಸಡಿಲಿಸಿ 1.5 ಡಿಗ್ರಿ ಹೆಚ್ಚಿಸಿ ಬಿಗಿ ಮಾಡಿದ್ವಿ. ಇಂಥ ಸ್ಲೀವ್‌ಗಳಲ್ಲಿ ಲಾಫ್ಟ್ ಹೆಚ್ಚಿಸಿದ್ರೆ ಫೇಸ್ ಸ್ವಲ್ಪ ಎಡಕ್ಕೆ ಮುಚ್ಚಿಕೊಳ್ಳುತ್ತೆ, ಇಳಿಸಿದ್ರೆ ಬಲಕ್ಕೆ ತೆರೆಯುತ್ತೆ. ಸ್ಲೈಸ್ ಇರೋರಿಗೆ ಒಂದೇ ಕಲ್ಲಿಗೆ ಎರಡು ಹಣ್ಣು. ಹತ್ತು ವರ್ಷದಿಂದ ಆ ಸ್ಕ್ರೂ ಯಾರೂ ಮುಟ್ಟಿರಲೇ ಇಲ್ಲ! ನೆನಪಿರಲಿ, ಇದನ್ನ ಪಂದ್ಯಕ್ಕೆ ಮುಂಚೆ ಮಾಡ್ಕೋಬೇಕು. ಆಟದ ಮಧ್ಯೆ ತಿರುಗಿಸೋದು ನಿಯಮಕ್ಕೆ ವಿರುದ್ಧ.

ಮೂರನೇದು ಉದ್ದ. ಮೊದಲೇ ಕತ್ತರಿಸಬೇಡಿ, ಕತ್ತರಿಸಿದ್ದನ್ನ ಅಂಟಿಸೋಕೆ ಆಗಲ್ಲ. ಒಂದಿಂಚು ಕೆಳಗೆ ಹಿಡಿದು ಹೊಡೆದು ನೋಡಿ. ಅಣ್ಣ ಹಾಗೆ 20 ಚೆಂಡು ಹೊಡೆದಾಗ ನಡುವೆ ತಾಗಿದ್ದು ಮೂರರಿಂದ ಒಂಬತ್ತಕ್ಕೆ ಏರ್ತು. ಆಮೇಲೆ ನಮ್ಮ ವರ್ಕ್‌ಶಾಪಿನಲ್ಲೇ ಇನ್‌ಸ್ಟ್ರಕ್ಟರ್ ಸರ್ ಹಳೇ ಗ್ರಿಪ್ ಸೀಳಿ ತೆಗೆದು, ಕೋಲಿಗೆ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಲ್ಲಿ ಹಿಡಿಕೆ ಕಡೆಯಿಂದ ಒಂದಿಂಚು ತೆಗೆದ್ರು. ಗ್ರಾಫೈಟ್ ಪುಡಿ ಉಸಿರಲ್ಲಿ ಹೋಗಬಾರದು, ಮಾಸ್ಕ್ ಕಡ್ಡಾಯ.

ಕೋಲು ಗಿಡ್ಡ ಮಾಡಿದ್ರೆ ಕೈಗೆ ತಲೆ ಹಗುರ ಅನ್ಸುತ್ತೆ. ಇದಕ್ಕೆ ಸ್ವಿಂಗ್ ವೇಟ್ ಅನ್ನೋ ಅಳತೆ ಇದೆ. ಅರ್ಧ ಇಂಚು ತೆಗೆದ್ರೆ ಸುಮಾರು ಮೂರು ಪಾಯಿಂಟ್ ಇಳಿಯುತ್ತೆ, ತಲೆಗೆ ಎರಡು ಗ್ರಾಂ ಸೇರಿಸಿದ್ರೆ ಒಂದು ಪಾಯಿಂಟ್ ಏರುತ್ತೆ. ನಮ್ಮ ಲೆಕ್ಕಕ್ಕೆ 12 ಗ್ರಾಂ ಬೇಕಿತ್ತು. ಅಣ್ಣನಿಗೆ 8 ಗ್ರಾಂ ಸೀಸದ ಟೇಪ್ ಅಂಟಿಸಿದಾಗಲೇ "ಹಾಂ, ಈಗ ಸರಿ" ಅನ್ನಿಸ್ತು. ಅಲ್ಲಿಗೇ ನಿಲ್ಲಿಸಿದ್ವಿ. ಆಡೋರು ಅವರು, ನಮ್ಮ ಸೂತ್ರ ಅಲ್ಲ.

ವಾರ ಬಿಟ್ಟು ಮತ್ತೆ ಅದೇ ಯಂತ್ರ. ತಲೆಯ ವೇಗ 92ರಿಂದ 91ಕ್ಕೆ ಇಳಿದಿತ್ತು. ಚೆಂಡಿನ ವೇಗ 126ರಿಂದ 131ಕ್ಕೆ ಏರಿತ್ತು. ಚಿಮ್ಮೋ ಕೋನ 9ರಿಂದ 12 ಡಿಗ್ರಿ. ಸ್ಪಿನ್ ನಿಮಿಷಕ್ಕೆ 3300 ಸುತ್ತಿನಿಂದ 2800ಕ್ಕೆ. ದೂರ ಸುಮಾರು 18 ಗಜ ಹೆಚ್ಚು. ನಿಧಾನವಾಗಿ ಬೀಸಿ ದೂರ ಹೊಡೆದಿದ್ದು ನೋಡಿ ಅಣ್ಣನಿಗೆ ನಂಬಿಕೆನೇ ಬರಲಿಲ್ಲ. ಒಟ್ಟು ಖರ್ಚು, ಯಂತ್ರದ ಬಾಡಿಗೆ, ಹೊಸ ಗ್ರಿಪ್, ಟೇಪ್ ಸೇರಿ ನಾಲ್ಕು ಸಾವಿರದ ಒಳಗೆ.

ಸ್ಲೈಸ್ ಪೂರ್ತಿ ಹೋಯ್ತಾ? ಇಲ್ಲ. ಮೊದಲು 20ರಲ್ಲಿ ಒಂಬತ್ತು ಮರಗಳ ಸಾಲಿಗೆ ಹೋಗೋ ಅಂಥವು ಇದ್ವು, ಈಗ ನಾಲ್ಕು. ಉಳಿದ ನಾಲ್ಕು ಸ್ವಿಂಗಿನ ದೋಷ. ಅದನ್ನ ಯಾವ ಅಂಗಡಿಯಲ್ಲೂ ಮಾರಲ್ಲ, ಅಭ್ಯಾಸದಿಂದಲೇ ಸರಿ ಹೋಗಬೇಕು.

ಕೆಟ್ಟ ಹೊಡೆತ ನೋಡಿ ಕೊಳ್ಳಿ

ಇಷ್ಟೆಲ್ಲ ಮಾಡಿದ ಮೇಲೆ ನಮಗೆ ಅರ್ಥವಾದ ಮುಖ್ಯ ಸಂಗತಿ ಇದು. ಅಂಗಡಿಯಲ್ಲಿ ಹತ್ತು ಚೆಂಡು ಹೊಡೀತೀವಿ. ಅದರಲ್ಲಿ ಒಂದು ಅದ್ಭುತವಾಗಿ ಹೋಗುತ್ತೆ. ಆ ಒಂದು ಹೊಡೆತಕ್ಕೆ ದುಡ್ಡು ಕೊಟ್ಟು ಬರ್ತೀವಿ. ಮೈದಾನದಲ್ಲಿ ನಾವು ಆಡೋದು ಉಳಿದ ಒಂಬತ್ತನ್ನ. ನಿಮ್ಮ ಕೆಟ್ಟ ಹೊಡೆತವೂ ಆಟದೊಳಗೆ ಉಳಿಯೋ ಹಾಗೆ ಮಾಡೋ ಡ್ರೈವರ್ ಯಾವುದೋ ಅದೇ ನಿಮಗೆ ಸರಿಯಾದದ್ದು.

ಇದಕ್ಕೆ ಬೆಂಗಳೂರಿನಲ್ಲೇ ದೊಡ್ಡ ಸಾಕ್ಷಿ ಇದ್ದಾರೆ. ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ್ರು, ಒಂದೇ ಒಂದು ಹೊಡೆತದಲ್ಲಿ ಪದಕದ ಪೈಪೋಟಿ ಕೈತಪ್ಪಿತು. ಡ್ರೈವರ್ ದೂರದಲ್ಲಿ ಅವರು ಅಲ್ಲಿದ್ದ ಎಷ್ಟೋ ಜನರಿಗಿಂತ ಹಿಂದೆ. ನಾಲ್ಕು ದಿನವೂ ಅವರನ್ನ ಮುಂದಿನ ಸಾಲಲ್ಲಿ ಇಟ್ಟಿದ್ದು ಚೆಂಡನ್ನ ಹಿಡಿತದಲ್ಲಿ ಇಟ್ಕೊಂಡಿದ್ದು ಮತ್ತು ಪಟ್ಟರ್.

ಹಾಗಾಗಿ ಡ್ರೈವರ್ ಕೊಳ್ಳೋಕೆ ಹೊರಟಿರೋರಿಗೆ ನಮ್ಮ ಕಿವಿಮಾತು:

1. ಮೊದಲು ಈಗಿರೋ ಡ್ರೈವರ್‌ನಲ್ಲಿ ಮಾರ್ಕರ್ ಪರೀಕ್ಷೆ ಮಾಡಿ. 20 ಚೆಂಡು, 20 ಗುರುತು.

2. ನಿಮ್ಮ ತಲೆಯ ವೇಗ ಅಳೆಸಿ. 95 ಮೈಲಿಗಿಂತ ಕಡಿಮೆ ಇದ್ರೆ 10.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಲಾಫ್ಟಿಂದ ಶುರು ಮಾಡಿ. ನಾಚಿಕೆ ಬೇಡ, ಫೇರ್‌ವೇ ಮೇಲೆ ಬಿದ್ದ ಚೆಂಡಿನ ಮೇಲೆ ಲಾಫ್ಟ್ ಬರೆದಿರಲ್ಲ.

3. ಎರಡು ಡ್ರೈವರ್ ಹೋಲಿಸೋವಾಗ ಅದೇ ದಿನ, ಅದೇ ಜಾಗ, ಅದೇ ಚೆಂಡು ಇರಲಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿ ಹೋದಷ್ಟು ದೂರ ಚೆನ್ನೈನಲ್ಲಿ ಹೋಗಲ್ಲ. ರೇಂಜಿನ ಸವೆದ ಚೆಂಡುಗಳ ಕತೆಯೂ ಬೇರೆ.

4. ಒಳ್ಳೇ ಹೊಡೆತ ಬಿಟ್ಟು ಸರಾಸರಿ ನೋಡಿ, ಚೆಂಡುಗಳು ಎಷ್ಟು ಅಗಲಕ್ಕೆ ಹರಡಿವೆ ಅಂತ ನೋಡಿ.

5. ಮೂರ್ನಾಲ್ಕು ವರ್ಷ ಹಳೇ ಮಾಡೆಲ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಧಾರಾಳವಾಗಿ ಯೋಚಿಸಿ. ಆದ್ರೆ ನಕಲಿ ಕ್ಲಬ್ಬುಗಳೂ ಮಾರುಕಟ್ಟೆಯಲ್ಲಿವೆ. ತೀರಾ ಅಗ್ಗ ಕಂಡ್ರೆ ಅನುಮಾನ ಪಡಿ, ಗೊತ್ತಿರೋರ ಕೈಲಿ ತೋರಿಸಿ.

6. ಹೊಸದಕ್ಕೆ ಕೊಡೋ ದುಡ್ಡಿನ ಒಂದು ಪಾಲನ್ನ ಒಳ್ಳೇ ಕೋಚ್ ಹತ್ತಿರ ನಾಲ್ಕು ಪಾಠಕ್ಕೆ ಇಟ್ಟು ನೋಡಿ.

ಪಂದ್ಯದ ದಿನ ನಾವು ನಾಲ್ವರೂ ಹೋಗಿದ್ವಿ. ಅಣ್ಣ ಗೆಲ್ಲಲಿಲ್ಲ, ಹತ್ತರೊಳಗೆ ಬಂದ್ರು. ಮೊದಲ ಹೋಲಿನಲ್ಲಿ ಅವರ ಚೆಂಡು ಸ್ವಲ್ಪ ಬಲಕ್ಕೆ ವಾಲಿ ಫೇರ್‌ವೇ ಅಂಚಲ್ಲಿ ನಿಂತಿತು. ಮೊದಲಾಗಿದ್ರೆ ಅದು ಮರದ ಕೆಳಗೆ. ಅಲ್ಲಿಂದಲೇ ನಮ್ಮ ಕಡೆ ತಿರುಗಿ ಕೈ ಎತ್ತಿದ್ರು.

ಚೀಟಿ ದುಡ್ಡು ಬ್ಯಾಂಕಿನಲ್ಲೇ ಇದೆ. ಮಗಳು ಈಗ ಸಿಇಟಿಗೆ ಓದ್ತಾ ಇದ್ದಾಳೆ. ಮೊನ್ನೆ ಅಪ್ಪನ ಜೊತೆ ವರ್ಕ್‌ಶಾಪಿಗೆ ಬಂದವಳು ನಮ್ಮ ನೋಟ್‌ಬುಕ್ಕಿನ ಗುರುತುಗಳ ಚಿತ್ರ ನೋಡಿ, 0.83 ಎಲ್ಲಿಂದ ಬಂತು ಅಂತ ಕೇಳಿದ್ಲು. ಅವಳು ಯಾವ ಬ್ರಾಂಚ್ ತಗೋಬೇಕು ಅನ್ನೋ ವಿಷಯದಲ್ಲಿ ನಮ್ಮ ನಾಲ್ವರಲ್ಲಿ ಇನ್ನೂ ಜಗಳ ಮುಗಿದಿಲ್ಲ.